ಕಂಡಷ್ಟಕ್ಕೇ ಹೆಸರು

'ಗುರುತು' ಎಂಬ ನಮ್ಮ ಮಾತಿಗೆ ಎರಡು ಅರ್ಥಗಳಿವೆ. ಗಡಿಕಲ್ಲು, ಮಚ್ಚೆ, ಗಾಯದ ಕಲೆ, ತೆಂಗಿನ ಮರಕ್ಕೆ ಕೊರೆದ ನಂಬರು, ಇವು ವಸ್ತುವಿನ ಮೇಲೆಯೇ ಇರುವ ಗುರುತುಗಳು. 'ಅವರ ಗುರುತು ನನಗೆ ಉಂಟು' ಎನ್ನುವಾಗಿನ ಗುರುತು ಇರುವುದು ಹೇಳುವವನ ತಲೆಯಲ್ಲಿ. ಈ ಎರಡೂ ಒಂದೇ ಎಂದು ಭಾವಿಸಿಕೊಂಡೇ ಲೋಕದ ವ್ಯವಹಾರ ನಡೆಯುತ್ತದೆ. ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಗುಮಾಸ್ತನಾಗಿರುವ ನನ್ನ ಕೆಲಸದ ಅರ್ಧಭಾಗವೂ ಇದೇ. ಚೆಕ್ಕಿನ ಸಹಿಯನ್ನು ಮಾದರಿ ಸಹಿಗೆ ಹೋಲಿಸುವುದು, ಭಾವಚಿತ್ರವನ್ನು ಎದುರಿಗೆ ನಿಂತ ಮುಖಕ್ಕೆ ಹೋಲಿಸುವುದು, ಹೊಂದಿದರೆ 'ಸರಿ' ಎನ್ನುವುದು. ಆದರೆ ಹೊಂದಿದ್ದು ಯಾವುದು? ಗೆರೆಗೆ ಗೆರೆ ಹೊಂದಿತು. ಆ ಗೆರೆಯ ಹಿಂದಿರುವ ಮನುಷ್ಯ ಯಾರೆಂಬುದು ನನಗೆ ತಿಳಿಯಿತೇ?

ಒಂದು ಜೀವವನ್ನು ಹೊರಗಿನಿಂದ ನೋಡಿ ಅದಕ್ಕೆ ಹೆಸರು ಹೇಳುವ ಅಧಿಕಾರ ನಮಗೆ ಎಲ್ಲಿಯ ತನಕ ಇದೆ ಎಂಬುದೇ ಈ ಬರಹದ ಪ್ರಶ್ನೆ. ಇದನ್ನು ನೇರವಾಗಿ ಮನುಷ್ಯರ ಮೇಲಿಟ್ಟು ವಿಚಾರಿಸಿದರೆ, ನಮ್ಮ ಈ ಏಳು ಭಾಷೆಗಳ ಜಿಲ್ಲೆಯಲ್ಲಿ, ಎರಡನೆಯ ವಾಕ್ಯಕ್ಕೇ ಜಗಳ ಹುಟ್ಟೀತು. ಆದ್ದರಿಂದ ಯಾರ ಪಕ್ಷವನ್ನೂ ಹಿಡಿಯದ ಒಂದು ಪ್ರಾಣಿಯನ್ನು ಎದುರಿಗಿಟ್ಟುಕೊಂಡಿದ್ದೇನೆ. ಅದು ಹವಳ, ಅದರಲ್ಲಿಯೂ ಮೆದುಹವಳ. ನೀರಿನಲ್ಲಿ ಮುಳುಗಿ ಅದನ್ನು ಗುರುತಿಸುವುದಕ್ಕಿಂತ ಕಷ್ಟದ ಗುರುತಿಸುವಿಕೆಯನ್ನು ನಾನು ಬೇರೆ ಕಂಡಿಲ್ಲ.

ಹವಳ ನಮಗೆ ಹೊಸದಲ್ಲ. ಕರಿಮಣಿಯ ನಡುವೆ ಪೋಣಿಸಿದ ಕೆಂಪು ಮಣಿಯಾಗಿ, ಕುಜದೋಷಕ್ಕೆಂದು ಧರಿಸಿದ ಉಂಗುರವಾಗಿ ಅದು ಮನೆಮನೆಯಲ್ಲಿದೆ. ಈ ಸಂಚಿಕೆಯ ಎದುರು ಪುಟದಲ್ಲಿ ಓದುವವರು ಅದನ್ನು 'ಪವಿಳಂ' ಎನ್ನುತ್ತಾರೆ. ಹಳಗನ್ನಡದಲ್ಲಿ ನಾವೂ 'ಪವಳ' ಎನ್ನುತ್ತಿದ್ದೆವು; ಪಕಾರ ಹಕಾರವಾದಾಗ ಅದು ಹವಳವಾಯಿತು. ಸಂಸ್ಕೃತದ 'ಪ್ರವಾಳ' ಇಬ್ಬರಿಗೂ ಹಿರಿಯ. ಈ ಕೆಂಪು ಹವಳ ನಮ್ಮ ಕಡಲಿನದೂ ಅಲ್ಲ. ಅದು ಮೆಡಿಟರೇನಿಯನ್ ಸಮುದ್ರದ್ದು. ರೋಮನ್ನರಿಗೆ ಮುತ್ತು ಎಷ್ಟು ಪ್ರಿಯವೋ ಭಾರತೀಯರಿಗೆ ಹವಳ ಅಷ್ಟು ಪ್ರಿಯವೆಂದು ಒಂದನೆಯ ಶತಮಾನದ ಪ್ಲಿನಿ ಬರೆದಿಟ್ಟಿದ್ದಾನೆ. ಎರಡು ಸಾವಿರ ವರ್ಷ ನಮ್ಮ ಹೆಂಗಸರ ಕೊರಳಲ್ಲಿದ್ದ ವಸ್ತು ಇದು. ಆದರೂ ಅದು ಏನೆಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಗೊತ್ತಾದ ಬಗೆಯೂ ಸ್ವಾರಸ್ಯದ್ದು. 1706ರಲ್ಲಿ ಮಾರ್ಸಿಲಿ ಎಂಬ ಇಟಲಿಯ ವಿದ್ವಾಂಸ ಆಗ ತಾನೆ ತೆಗೆದ ಕೆಂಪು ಹವಳದ ಕೊಂಬೆಯನ್ನು ಸಮುದ್ರದ ನೀರಿನಲ್ಲಿಟ್ಟು ನೋಡಿದ. ಕೊಂಬೆಯ ತುಂಬ ಬಿಳಿಯ ಎಂಟೆಸಳಿನ ಹೂಗಳು ಅರಳಿದವು. ನೀರಿನಿಂದ ತೆಗೆದರೆ ಮುಚ್ಚಿಕೊಂಡವು. ಹೂ ಇದ್ದ ಮೇಲೆ ಗಿಡವೇ ಎಂದು ಆತ ಸಾರಿದ, ವಿದ್ವಾಂಸರೆಲ್ಲ ಒಪ್ಪಿದರು. 1720ರ ದಶಕದಲ್ಲಿ ಪೆಸ್ಸೊನೆಲ್ ಎಂಬ ಫ್ರೆಂಚ್ ವೈದ್ಯ ಆಫ್ರಿಕದ ಉತ್ತರ ಕರಾವಳಿಯಲ್ಲಿ ಇದನ್ನೇ ಹೆಚ್ಚು ಹೊತ್ತು ನೋಡಿ, ಇವು ಹೂಗಳಲ್ಲ, ಬಾಯಿಯುಳ್ಳ ಪ್ರಾಣಿಗಳು ಎಂದು ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಬರೆದ. ಪ್ರಸಿದ್ಧ ವಿಜ್ಞಾನಿ ರೆಯೊಮ್ಯೂರ್ ಈ ಅಭಿಪ್ರಾಯವನ್ನು ಅಕಾಡೆಮಿಯ ಮುಂದಿಟ್ಟಾಗ, ಪಾಪ, ಜನ ನಗುತ್ತಾರೆಂದು ಪೆಸ್ಸೊನೆಲ್‌ನ ಹೆಸರನ್ನೇ ಹೇಳಲಿಲ್ಲವಂತೆ! 1740ರ ದಶಕದಲ್ಲಿ ಟ್ರೆಂಬ್ಲಿ ಎಂಬವನು ಕೆರೆಯ ನೀರಿನ ಹೈಡ್ರಾದ ಮೇಲೆ ಪ್ರಯೋಗಗಳನ್ನು ಮಾಡಿ ತೋರಿಸಿದ ಮೇಲೆ ಹವಳವೂ ಪ್ರಾಣಿಯೆಂದು ಒಪ್ಪಿಗೆಯಾಯಿತು. ಮಾರ್ಸಿಲಿ ಸುಳ್ಳು ಹೇಳಿದವನಲ್ಲ. ಅವನು ಕಂಡದ್ದು ನಿಜ, ಎಂಟೆಸಳು ನಿಜ, ಅರಳಿದ್ದೂ ನಿಜ. ಕಂಡದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ 'ಗಿಡ' ಎಂದದ್ದು ಮಾತ್ರ ನಿಲ್ಲಲಿಲ್ಲ.

ಆ 'ಹೂ' ಒಂದೊಂದೂ ಪಾಲಿಪ್ ಎಂಬ ಪುಟ್ಟ ಪ್ರಾಣಿ. ನಡುವೆ ಬಾಯಿ, ಸುತ್ತ ಕರಬಳ್ಳಿಗಳು. ಈ ಕರಬಳ್ಳಿಗಳನ್ನು ಎಣಿಸುವುದು ಗುರುತು ಹಿಡಿಯುವವನ ಮೊದಲ ಪಾಠ. ಹವಳದ ದಿಬ್ಬ ಕಟ್ಟುವ ಕಲ್ಲುಹವಳಗಳಲ್ಲಿ ಆರು ಅಥವಾ ಆರರ ಗುಣಕಗಳಷ್ಟು ಕರಬಳ್ಳಿಗಳು. ಮೆದುಹವಳ, ಕಡಲಬೀಸಣಿಗೆ ಮೊದಲಾದವುಗಳಲ್ಲಿ ಸರಿಯಾಗಿ ಎಂಟು. ಅದೂ ಒಂದೊಂದು ಕರಬಳ್ಳಿಯ ಎರಡು ಬದಿಗೂ ಹಕ್ಕಿಯ ಗರಿಯಂತೆ ಸಣ್ಣ ಕವಲುಗಳು. ಈ ಲೆಕ್ಕದಲ್ಲಿ ನಮ್ಮ ಕರಿಮಣಿಯ ಗಟ್ಟಿ ಕೆಂಪು ಹವಳ ಎಂಟರ ಬಳಗದ್ದು. ಕಲ್ಲುಹವಳಕ್ಕಿಂತ ಅದು ಮೆದುಹವಳಕ್ಕೇ ಹತ್ತಿರದ ನೆಂಟ. ನೀಲಿಹವಳ ಎಂಬುದೊಂದಿದೆ, ಕಲ್ಲಿನಂತಹ ಗಟ್ಟಿ ಮೈ, ಆದರೆ ಕರಬಳ್ಳಿ ಎಂಟೇ. ಕೆಂಪು ಕೊಳವೆಗಳನ್ನು ಜೋಡಿಸಿಟ್ಟಂತಿರುವ ಕೊಳಲುಹವಳವೂ ಹಾಗೆಯೇ. 'ಗಟ್ಟಿ', 'ಮೆದು' ಎಂಬುದು ನಮ್ಮ ಬೆರಳಿಗೆ ತಿಳಿಯುವ ಭೇದ; ಬಂಧುತ್ವ ಬೇರೆ ದಾರಿಯಲ್ಲಿದೆ.

ಇಷ್ಟನ್ನು ಪುಸ್ತಕದಲ್ಲಿ ಓದಿಕೊಂಡು ನಾನು ಮುರ್ಡೇಶ್ವರಕ್ಕೆ ಹೋಗಿದ್ದೆ. ಮಂಜೇಶ್ವರದ ಕಡಲಿನಲ್ಲಿ ಇಂತಹದನ್ನು ನೋಡುವಂತಿಲ್ಲ. ನಮ್ಮದು ಮರಳಿನ ತಳ, ಹೊಳೆಗಳು ಕೆಸರು ತರುವ ಕಲಕು ನೀರು. ಬಲೆಗೆ ಸಿಕ್ಕಿದ ಒಂದೊಂದು ಕಡಲಬೀಸಣಿಗೆ ದಡಕ್ಕೆ ಬರುತ್ತಿತ್ತು. ಒಣಗಿಸಿ ಗೋಡೆಗೆ ತೂಗಿದ್ದನ್ನು ಚಿಕ್ಕಂದಿನಲ್ಲಿ ಕಂಡದ್ದುಂಟು. ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಹೋದರೆ ನೇತ್ರಾಣಿ ದ್ವೀಪ. ಹಳೆಯ ನಕ್ಷೆಗಳಲ್ಲಿ ಅದು ಪಾರಿವಾಳ ದ್ವೀಪ. ನೌಕಾಪಡೆಯವರು ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿಟ್ಟುಕೊಂಡಿದ್ದ ಈ ಗುಡ್ಡದ ಸುತ್ತ ಈಗ ಮಳೆಗಾಲ ಕಳೆದ ಮೇಲೆ ಸ್ಕೂಬಾ ಡೈವಿಂಗಿನ ಜನ. 2022ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಅವರ 'ಗಂಧದಗುಡಿ' ನೋಡಿದವರಿಗೆ ಈ ನೀರಿನ ನೆನಪಿದ್ದೀತು. ಈಜು ಬಾರದ ನನ್ನಂಥವರನ್ನೂ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಒಬ್ಬ ತರಬೇತುದಾರ ಕೈಹಿಡಿದು ಹತ್ತು ಹನ್ನೆರಡು ಮೀಟರ್ ಆಳದ ತನಕ ಕರೆದೊಯ್ಯುತ್ತಾನೆ.

ಅಲ್ಲಿ ಕಲಿತ ಮೊದಲ ವಿಷಯ, ಬಣ್ಣವನ್ನು ನಂಬಬಾರದು ಎಂಬುದು. ನೀರು ಎಲ್ಲಕ್ಕಿಂತ ಮೊದಲು ಕೆಂಪನ್ನು ನುಂಗುತ್ತದೆ. ಕೆಲವೇ ಮೀಟರ್ ಇಳಿದರೆ ಕೆಂಪು ಮಾಸುತ್ತದೆ. ಹತ್ತು ಮೀಟರಿನಲ್ಲಿ ಅದು ಕಂದುಗಪ್ಪು. ಬಂಡೆಯ ಸಂದಿಯಲ್ಲಿ ಬೂದಿಬಣ್ಣದ ಒಂದು ಗೊಂಚಲು ತೂಗುತ್ತಿತ್ತು. ತರಬೇತುದಾರ ಟಾರ್ಚು ಹಾಕಿದೊಡನೆ ಅದು ದಾಸವಾಳದಂತೆ ಕೆಂಪಾಯಿತು. ಟಾರ್ಚು ಆರಿಸಿದರೆ ಮತ್ತೆ ಬೂದಿ. ಯಾವುದು ಅದರ ಬಣ್ಣ? ಟಾರ್ಚಿನ ಬೆಳಕಿನದೇ ನಿಜ ಎನ್ನುತ್ತೇವೆ. ಆದರೆ ಆ ಪ್ರಾಣಿ ಹುಟ್ಟಿದಂದಿನಿಂದ ಬದುಕಿದ್ದು ಬೂದಿಯಾಗಿಯೇ.

ಎರಡನೆಯದು, ಅದು ನಮ್ಮನ್ನು ಕಂಡು ಒಳಗೆ ಹೋಗುತ್ತದೆ. ನೀರು ಸ್ವಲ್ಪ ಕದಡಿದರೂ ಅನೇಕ ಮೆದುಹವಳಗಳು ಪಾಲಿಪ್‌ಗಳನ್ನು ಮೈಯೊಳಗೆ ಎಳೆದುಕೊಳ್ಳುತ್ತವೆ. ಮಲ್ಲಿಗೆಯ ಪೊದೆಯಂತಿದ್ದದ್ದು ನಿಮಿಷದಲ್ಲಿ ಒದ್ದೆ ತೊಗಲಿನ ತುಂಡು. ಹತ್ತಿರದಿಂದ ನೋಡಬೇಕೆಂದು ಹೋದಷ್ಟೂ ನೋಡಲು ಏನೂ ಉಳಿಯುವುದಿಲ್ಲ. ಬ್ಯಾಂಕಿನ ಕೌಂಟರಿನ ಎದುರು, 'ಹೆಸರೇನು? ಜೋರಾಗಿ ಹೇಳಿ' ಎಂದಾಗ ಕೆಲವು ಹಳ್ಳಿಯ ಹೆಂಗಸರ ಮುಖಕ್ಕೆ ಆಗುವುದೂ ಇದೇ ಎಂದು ನನಗೆ ಅನಿಸಿದೆ. ಮನೆಯ ಜಗಲಿಯಲ್ಲಿ ಹತ್ತು ಜನರನ್ನು ಆಳುವವರು ಇಲ್ಲಿ ಒಂದು ಸಹಿಯಷ್ಟಕ್ಕೆ ಕುಗ್ಗುತ್ತಾರೆ. ನಾವು ದಾಖಲಿಸುವುದು ಆ ಕುಗ್ಗಿದ ರೂಪವನ್ನು.

ಮೇಲೆ ಬಂದ ಮೇಲೆ ತರಬೇತುದಾರನನ್ನು, 'ಆ ಕೆಂಪು ಗೊಂಚಲಿನ ಹೆಸರೇನು?' ಎಂದು ಕೇಳಿದೆ. 'ಸಾಫ್ಟ್ ಕೋರಲ್ ಸರ್' ಎಂದ. 'ಅದರಲ್ಲಿ ಯಾವುದು?' ಎಂದರೆ, 'ಅದು ಗೊತ್ತಿಲ್ಲ ಸರ್. ಅಲ್ಲಿಂದ ಮುಂದೆ ಹೇಳುವುದು ಕಷ್ಟ' ಎಂದು ನಕ್ಕ. ಮಗನ ಪ್ರಾಯದ ಹುಡುಗನ ಈ ಉತ್ತರ ಆಗ ಸಾಲದೆನಿಸಿತ್ತು. ಆಮೇಲೆ ಓದಿದಾಗ, ಈ ವಿಷಯದಲ್ಲಿ ಜೀವಮಾನ ಕಳೆದವರೂ ನೀರಿನೊಳಗೆ ಹೆಚ್ಚುಕಡಿಮೆ ಅಲ್ಲಿಯೇ ನಿಲ್ಲುತ್ತಾರೆಂದು ತಿಳಿಯಿತು.

ಕಣ್ಣು ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಹೇಳುತ್ತೇನೆ. ಕಾಂಡದ ಮೇಲೆ ನಾಯಿಕೊಡೆಯಂತೆ ನುಣುಪಾದ ಟೊಪ್ಪಿ ಇದ್ದರೆ ಅದು ಬಹುಶಃ ಸಾರ್ಕೊಫೈಟನ್ ಕುಲ. ಅಗಲ ತಟ್ಟೆಯ ಮೇಲೆ ಬೆರಳುಗಳೋ ಏಣುಗಳೋ ಎದ್ದಿದ್ದರೆ ಲೋಬೊಫೈಟಮ್ ಆಗಬಹುದು, ಸಿನುಲೇರಿಯವೂ ಆಗಬಹುದು. ಆಗ ಅರಳಿದ ಪಾಲಿಪ್‌ಗಳ ನಡುವಿನ ಜಾಗವನ್ನು ನೋಡಬೇಕು. ಅಲ್ಲಿ ಸೂಜಿಮೊನೆಯಂತಹ ಚುಕ್ಕೆಗಳು ಕಂಡರೆ ಅವು ಎರಡನೆಯ ಜಾತಿಯ ಪಾಲಿಪ್‌ಗಳು. ಇವು ಉಣ್ಣುವುದಿಲ್ಲ, ಇಡೀ ಸಂಸಾರಕ್ಕೆ ನೀರು ಹರಿಸುವುದೇ ಇವುಗಳ ಕೆಲಸ. ಸಾರ್ಕೊಫೈಟನ್, ಲೋಬೊಫೈಟಮ್‌ಗಳಲ್ಲಿ ಇವು ಉಂಟು, ಸಿನುಲೇರಿಯದಲ್ಲಿ ಇಲ್ಲ. ಮುಷ್ಟಿ ಬಿಚ್ಚಿ ಮುಚ್ಚಿದಂತೆ ಸದಾ ಮಿಡಿಯುವ ಪಾಲಿಪ್‌ಗಳಿದ್ದರೆ ಜೀನಿಯದ ಬಳಗ. ಆ ಮಿಡಿತ ನೀರನ್ನು ಕಲಕಿ, ಮೈಯೊಳಗಿನ ಪಾಚಿಗೆ ಆಹಾರ ತಯಾರಿಸಲು ಅನುಕೂಲ ಮಾಡಿಕೊಡುತ್ತದೆಂದು 2013ರಲ್ಲಿ ಕೆಂಪು ಸಮುದ್ರದಲ್ಲಿ ಕೆಲಸ ಮಾಡಿದ ವಿಜ್ಞಾನಿಗಳು ತೋರಿಸಿದರು. ಗಾಜಿನಂತಹ ಕೊಂಬೆಗಳಲ್ಲಿ ಬಣ್ಣದ ಮುಳ್ಳುಗಳು ಕಂಡರೆ ಡೆಂಡ್ರೊನೆಫ್ತಿಯ ಇರಬಹುದು.

ಇದೆಲ್ಲ ಕುಲದ ಮಟ್ಟ. ಮನುಷ್ಯರ ಲೆಕ್ಕದಲ್ಲಿ ಮನೆತನದ ಹೆಸರು. ಸಿನುಲೇರಿಯ ಒಂದರಲ್ಲಿಯೇ ನೂರೈವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಯಾವುದೆಂದು ಹೇಳಬೇಕಾದರೆ ಮೈಯ ತುಂಡೊಂದನ್ನು ಕತ್ತರಿಸಿ ತರಬೇಕು. ಬಟ್ಟೆ ಬಿಳುಪು ಮಾಡುವ ಬ್ಲೀಚಿನಂಥ ದ್ರಾವಣದಲ್ಲಿ ಮಾಂಸ ಕರಗಿಸಿದರೆ ಸ್ಕ್ಲೆರೈಟ್ ಎಂಬ ಸುಣ್ಣದ ಚೂರುಗಳು ಉಳಿಯುತ್ತವೆ. ಗದೆಯಂತಹವು, ಕದಿರಿನಂತಹವು, ನಕ್ಷತ್ರದಂತಹವು. ಸಿನುಲೇರಿಯದ ಬುಡದಲ್ಲಿ ಇವು ಅಕ್ಕಿಯ ನುಚ್ಚಿನಷ್ಟು ದೊಡ್ಡವೂ ಇರುತ್ತವೆ. ಮೈಯ ಯಾವ ಭಾಗದಲ್ಲಿ ಯಾವ ಆಕಾರದ ಚೂರು ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಪ್ರಭೇದ ನಿರ್ಣಯ. ಈಗ ಡಿಎನ್‌ಎ ಪರೀಕ್ಷೆಯೂ ಇದೆ. ಆದರೆ ಈ ಎಂಟರ ಬಳಗದ ಮೈಟೊಕಾಂಡ್ರಿಯದ ಜೀನುಗಳು ತುಂಬ ನಿಧಾನವಾಗಿ ಬದಲಾಗುವುದರಿಂದ ಎಷ್ಟೋ ಸಲ ಅದೂ ಅಕ್ಕಪಕ್ಕದ ಪ್ರಭೇದಗಳನ್ನು ಬೇರ್ಪಡಿಸಿ ಹೇಳುವುದಿಲ್ಲ.

ಇಲ್ಲಿಗೆ ನೀತಿಯ ಪ್ರಶ್ನೆ ಬಂದು ನಿಂತಿತು. ಮುಳುಗುವವನಿಗೆ ಮೊದಲು ಹೇಳುವ ನಿಯಮ, ಯಾವುದನ್ನೂ ಮುಟ್ಟಬೇಡ ಎಂಬುದು. ಮುಟ್ಟದವನಿಗೆ ಹೆಸರು ಸಿಗದು. ಹೆಸರು ಬೇಕೆಂದರೆ ಕತ್ತರಿಸಬೇಕು. ಹಾಗಾದರೆ ಹೆಸರಿಲ್ಲದೆ ಸುಮ್ಮನೆ ಬಿಡುವುದೇ ದೊಡ್ಡ ಧರ್ಮವಲ್ಲವೇ ಎಂದು ಕೇಳಬಹುದು. ನನಗೂ ಮೊದಲು ಹಾಗೇ ತೋರಿತು. ಆದರೆ ಹೆಸರಿಲ್ಲದಿರುವುದಕ್ಕೂ ಬೆಲೆ ತೆರಬೇಕಾಗುತ್ತದೆ. 2001ರಲ್ಲಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಹವಳಗಳನ್ನು ಸೇರಿಸಿದರು. ಕಲ್ಲುಹವಳ, ಕರಿಹವಳ, ಕೊಳಲುಹವಳ, ಬೆಂಕಿಹವಳ, ಕಡಲಬೀಸಣಿಗೆ, ಇವಿಷ್ಟು ಆ ಪಟ್ಟಿಯ ಸಾಲುಗಳು. ಹುಲಿಗೆ ಸಿಗುವ ರಕ್ಷಣೆ ಅವಕ್ಕೆ ಅಂದು ಸಿಕ್ಕಿತು. ಸಿನುಲೇರಿಯ, ಸಾರ್ಕೊಫೈಟನ್‌ಗಳಂಥ ಮೆದುಹವಳಕ್ಕೆ ಆ ಸಾಲುಗಳಲ್ಲಿ ಜಾಗವಿರಲಿಲ್ಲ. ಅದೇ ಬಂಡೆಯ ಮೇಲೆ ಪಕ್ಕಪಕ್ಕದಲ್ಲಿ ಬೆಳೆದ ಎರಡು ಜೀವಗಳಲ್ಲಿ ಹೆಸರು ಬರೆಯಿಸಿಕೊಂಡದ್ದಕ್ಕೆ ಕಾನೂನಿನ ನೆರಳು, ಬರೆಯಿಸಿಕೊಳ್ಳದ್ದಕ್ಕೆ ಬಿಸಿಲು. ಪಟ್ಟಿಯಲ್ಲಿ ಹೆಸರು ಇರುವುದಕ್ಕೂ ಇಲ್ಲದಿರುವುದಕ್ಕೂ ಏನು ವ್ಯತ್ಯಾಸವೆಂದು ಅಲ್ಪಸಂಖ್ಯಾತರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಚಿತ್ರವೂ ಉಂಟು. ಕಾಯ್ದೆ 'ಕಡಲಬೀಸಣಿಗೆ' ಎಂದು ಬರೆದ ಗುಂಪು ವಿಜ್ಞಾನದಲ್ಲಿ ಈಗ ಒಂದೇ ಗುಂಪಾಗಿ ಉಳಿದಿಲ್ಲ. 2022ರಲ್ಲಿ ಎಂಟರ ಬಳಗವನ್ನೆಲ್ಲ ಜೀನುಗಳ ಆಧಾರದಿಂದ ಹೊಸತಾಗಿ ವಿಂಗಡಿಸಿದಾಗ, ಬೀಸಣಿಗೆಗಳು ಮೆದುಹವಳಗಳೊಂದಿಗೆ ಬೆರೆತು ಬೇರೆ ಬೇರೆ ಕವಲುಗಳಿಗೆ ಹಂಚಿಹೋದವು. ಬೀಸಣಿಗೆಯಂತೆ ಕಾಣುವುದು ಒಂದೇ ಕುಟುಂಬದ ಗುರುತಾಗಿರಲಿಲ್ಲ. ಹಾಗೆಂದು ಕಾಯ್ದೆ ವ್ಯರ್ಥವಾಯಿತೇ? ಇಲ್ಲ. ಅದು ಕಾಪಾಡುವ ಕೆಲಸಕ್ಕೆ ಸಾಕಾಗುವಷ್ಟು ಹೆಸರು. ಬಂಧುತ್ವ ಹೇಳುವ ಕೆಲಸಕ್ಕೆ ಬೇರೆ ಹೆಸರು ಬೇಕು. ಯಾವ ಕೆಲಸಕ್ಕಾಗಿ ಹೆಸರಿಡುತ್ತಿದ್ದೇವೆ ಎಂಬುದು ತಿಳಿದಿದ್ದರೆ ಸಾಕು.

ತಪ್ಪು ಹೆಸರಿನಿಂದ ಏನಾಗುತ್ತದೆ ಎಂಬುದಕ್ಕೆ ಕ್ಯಾರಿಜೋವ ರೀಸೈ ಎಂಬ ಮೆದುಹವಳದ ಕಥೆಯನ್ನು ಹೇಳಬೇಕು. ಬಿಳಿಯ ಎಂಟೆಸಳಿನ ಪಾಲಿಪ್‌ಗಳಿಂದಾಗಿ ಇದಕ್ಕೆ ಹಿಮಹೂವಿನ ಹವಳವೆಂದು ಹೆಸರು. 1860ರಲ್ಲಿ ಇದನ್ನು ಮೊದಲು ವರ್ಣಿಸಿದ್ದು ಕೆರಿಬಿಯನ್ ಸಮುದ್ರದ ವರ್ಜಿನ್ ದ್ವೀಪಗಳಿಂದ. 1972ರಲ್ಲಿ ಹವಾಯಿಯ ಪರ್ಲ್ ಹಾರ್ಬರಿನಲ್ಲಿ ಕಂಡಾಗ, ಹಡಗಿನ ತಳಕ್ಕೆ ಅಂಟಿ ಕೆರಿಬಿಯನ್‌ನಿಂದ ಬಂದ ಹೊರಗಿನದು ಎಂದು ಎಲ್ಲರೂ ಬರೆದರು. 2001ರಲ್ಲಿ ಆಳದ ನೀರಿನಲ್ಲಿ ಬೆಲೆಬಾಳುವ ಕರಿಹವಳಗಳ ಮೇಲೆ ಹಬ್ಬಿ ಅವನ್ನು ಉಸಿರುಕಟ್ಟಿಸಿ ಕೊಲ್ಲುತ್ತಿದ್ದದ್ದು ತಿಳಿದಾಗ 'ಆಕ್ರಮಣಕಾರಿ ಪರಕೀಯ' ಎಂಬ ಮುದ್ರೆ ಗಟ್ಟಿಯಾಯಿತು. ಭಾರತದ ಕರಾವಳಿಯಲ್ಲಿ ಕಂಡಾಗಲೂ ಅದೇ ಮುದ್ರೆ. 2010ರಲ್ಲಿ ಹಲವು ಸಮುದ್ರಗಳ ಮಾದರಿಗಳ ಜೀನುಗಳನ್ನು ಹೋಲಿಸಿ ನೋಡಿದರು. ಹವಾಯಿಯದು ಕೆರಿಬಿಯನ್‌ನಿಂದ ಬಂದದ್ದಲ್ಲ. ಈ ಬಳಗದ ವೈವಿಧ್ಯವೆಲ್ಲ ಹಿಂದೂಮಹಾಸಾಗರ ಮತ್ತು ಪೆಸಿಫಿಕ್ ಸಾಗರದ ಕಡೆಯೇ ಹೆಚ್ಚು. ಬಹುಶಃ ಇತ್ತಣಿಂದ ಅತ್ತ ಹೋಗಿ ಕೆರಿಬಿಯನ್‌ನಲ್ಲಿ ನೆಲೆಸಿದ್ದನ್ನು, ಅಲ್ಲಿ ಮೊದಲು ಕಂಡು ಹೆಸರಿಟ್ಟೆವು ಎಂಬ ಕಾರಣಕ್ಕೆ ಅಲ್ಲಿಯದೇ ಎಂದು ತಿಳಿದಿದ್ದೆವು. ದಾಖಲೆಯಲ್ಲಿ ಮೊದಲು ಬರೆದ ಊರು ಹುಟ್ಟೂರಾಗಿಬಿಟ್ಟಿತ್ತು.

ಇದನ್ನು ಓದಿ ನಾನು ಬಹಳ ಹೊತ್ತು ಯೋಚಿಸಿದ್ದೇನೆ. ಕರಿಹವಳ ಸತ್ತದ್ದು ಸುಳ್ಳಲ್ಲ. ಹಿಮಹೂವಿನ ಹವಳ ಎಲ್ಲಿಯದೇ ಆಗಿರಲಿ, ಅಲ್ಲಿ ಮಾಡಿದ ಹಾನಿ ಹಾನಿಯೇ. ಆದರೆ 'ಹಾನಿ ಮಾಡುತ್ತದೆ' ಎಂಬುದು ನೋಡಿ ತಿಳಿದ ಮಾತು; 'ಹೊರಗಿನದು' ಎಂಬುದು ಊಹಿಸಿದ ಮಾತು. ಇವೆರಡನ್ನು ಒಂದೇ ಮುದ್ರೆಯಲ್ಲಿ ಒತ್ತಿದಾಗ, ಊಹೆಗೆ ಸಾಕ್ಷ್ಯದ ಬಲ ಬಂದುಬಿಟ್ಟಿತು. ಮನುಷ್ಯರ ವಿಷಯದಲ್ಲಿ ಇದು ದಿನನಿತ್ಯ ನಡೆಯುತ್ತದೆ. ತಲಪಾಡಿಯ ಆಚೆ ಹೋದರೆ ನಾವು ಕೇರಳದವರು, ಚಂದ್ರಗಿರಿಯ ಆಚೆ ಹೋದರೆ ಕರ್ನಾಟಕದವರು. ಹೇಳುವವರಿಗೆ ನಮ್ಮ ಮೇಲೆ ದ್ವೇಷವೇನೂ ಇಲ್ಲ. ಮಾತಿನ ರಾಗ ಕೇಳಿ, ಟಾರ್ಚಿಲ್ಲದೆ ಬಣ್ಣ ಹೇಳುವವರಂತೆ, ಹೇಳಿಬಿಡುತ್ತಾರೆ.

ಹವಳದ ನಾಡಿಗೂ ನಮಗೂ ಈ ವಿಷಯದಲ್ಲಿ ಒಂದು ಹಳೆಯ ನಂಟಿದೆ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ, ಈ ಐದು ದ್ವೀಪಗಳ ಅಮಿನ್‌ದೀವಿ ಗುಂಪು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅವು ಹವಳದ ಪಾಲಿಪ್‌ಗಳೇ ಕಟ್ಟಿದ ನೆಲ. ಅಲ್ಲಿಯ ತೆಂಗಿನ ನಾರು, ಕೊಬ್ಬರಿ ಮಂಗಳೂರಿನ ಬಂದರಿಗೆ ಬರುತ್ತಿದ್ದವು; ಅಲ್ಲಿಯ ಜನರ ಮಾತು ಮಲಯಾಳದ ಒಂದು ಕವಲು; ಅಲ್ಲಿಯ ಕಚೇರಿ ಮಂಗಳೂರಿನ ಕಲೆಕ್ಟರರದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ದ್ವೀಪಗಳು ಕೇಂದ್ರದ ಆಡಳಿತಕ್ಕೆ ಹೋದವು. 1973ರಲ್ಲಿ ಅವುಗಳಿಗೆಲ್ಲ ಲಕ್ಷದ್ವೀಪ ಎಂಬ ಒಂದೇ ಹೆಸರಾಯಿತು. ಆ ದಿನ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಒಂದು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ನಮ್ಮ ಮತ್ತು ಅವರ ವಿಳಾಸಗಳೆರಡೂ ಬದಲಾದವು. ನಾವಾಗಲಿ, ಅವರಾಗಲಿ, ಹವಳವಾಗಲಿ ಬದಲಾಗಲಿಲ್ಲ.

ವಿಳಾಸದ ಈ ಬದಲಾವಣೆ ಇಂದಿಗೂ ನನ್ನ ಕೌಂಟರಿಗೆ ಬರುತ್ತದೆ. ಶಾಲೆಯ ಸರ್ಟಿಫಿಕೇಟಿನಲ್ಲಿ ಕನ್ನಡದಲ್ಲಿ 'ಐತಪ್ಪ'. ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿ 'ಅಯ್ತ್ತಪ್ಪ'. ಅದನ್ನು ಇಂಗ್ಲಿಷಿಗೆ ಇಳಿಸಿದಾಗ ಇನ್ನೊಂದು. ಮುಂದೆ ಮನೆಯ ಹೆಸರಿನ ಅಕ್ಷರ ಒಂದರಲ್ಲಿ ಉಂಟು, ಇನ್ನೊಂದರಲ್ಲಿ ಇಲ್ಲ. ಎದುರಿಗೆ ನಿಂತವರು ಒಬ್ಬರೇ. ಕಾಗದಗಳು ಮಾತ್ರ ಮೂರು ಜನರನ್ನು ತೋರಿಸುತ್ತವೆ. ಆಗ ಎರಡು ಸುಲಭದ ದಾರಿಗಳಿವೆ. 'ಇವರು ಅವರಲ್ಲ' ಎಂದು ಕಾಗದ ಹಿಂದೆ ಕೊಡುವುದು ಒಂದು. 'ನನಗೆ ಗೊತ್ತುಂಟು ಮಾರಾಯ್ರೆ, ಇವರೇ' ಎಂದು ಕಣ್ಣುಮುಚ್ಚಿ ಮುದ್ರೆ ಒತ್ತುವುದು ಇನ್ನೊಂದು. ಮೊದಲನೆಯದು ಒಬ್ಬ ಮುದುಕನ ಪಿಂಚಣಿಯನ್ನು ನಿಲ್ಲಿಸುತ್ತದೆ. ಎರಡನೆಯದು ಇನ್ನೊಬ್ಬನ ಹಣವನ್ನು ಕಳ್ಳನಿಗೆ ಕೊಡಿಸೀತು. ಎರಡೂ ನೋಡಿದ್ದಕ್ಕಿಂತ ಹೆಚ್ಚು ಹೇಳುವ ದಾರಿಗಳೇ.

ಮೂರನೆಯ ದಾರಿ ಬ್ಯಾಂಕಿನಲ್ಲಿಯೂ ಇದೆ, ವಿಜ್ಞಾನದಲ್ಲಿಯೂ ಇದೆ. ಪ್ರಭೇದ ತಿಳಿಯದಾಗ ವಿಜ್ಞಾನಿ ಕುಲದ ಹೆಸರು ಬರೆದು ಮುಂದೆ 'ಎಸ್‌ಪಿ.' ಎಂಬ ಎರಡಕ್ಷರ ಬರೆಯುತ್ತಾನೆ. 'ಸಿನುಲೇರಿಯ ಎಸ್‌ಪಿ.' ಎಂದರೆ, ಸಿನುಲೇರಿಯ ಎಂಬ ತನಕ ನಾನು ಬಲ್ಲೆ, ಮುಂದಿನದು ನಿರ್ಣಯವಾಗಿಲ್ಲ ಎಂದರ್ಥ. ಯಾವುದೋ ಒಂದರಂತೆ ಕಾಣುತ್ತದೆ, ಹೋಲಿಸಿ ನೋಡಬೇಕು ಎಂದಿದ್ದರೆ 'ಸಿಎಫ್.' ಎಂದು ಬರೆಯುವ ಪದ್ಧತಿ. ನಮ್ಮಲ್ಲಿ ಸಸ್ಪೆನ್ಸ್ ಖಾತೆ ಎಂಬುದೊಂದಿದೆ. ಹಣ ಬಂದಿದೆ; ಯಾವ ಲೆಕ್ಕಕ್ಕೆ ಸೇರಬೇಕೆಂದು ತಿಳಿದಿಲ್ಲ. ಇಲ್ಲವೆನ್ನುವಂತಿಲ್ಲ, ಯಾರದೋ ಖಾತೆಗೆ ತಳ್ಳುವಂತೆಯೂ ಇಲ್ಲ. ಅದನ್ನು ಅಲ್ಲಿ ನಮೂದಿಸಿ, ಎಲ್ಲಿಂದ, ಎಂದು, ಯಾಕೆ ಎಂದು ವಿವರ ಬರೆದು ಸಹಿ ಹಾಕುತ್ತೇವೆ. 'ಎಸ್‌ಪಿ.' ಎಂಬುದು ಅರಿವಿನ ಸಸ್ಪೆನ್ಸ್ ಖಾತೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಒಂದು, ಹೀಗೆ ಎಲ್ಲವನ್ನೂ ಬಾಕಿ ಇಡುತ್ತಾ ಹೋದರೆ ಲೋಕ ನಡೆಯುವುದು ಹೇಗೆ ಎಂಬುದು. ಸಸ್ಪೆನ್ಸ್ ಖಾತೆಯ ನಿಯಮ ಗೊತ್ತಿಲ್ಲದವರು ಕೇಳುವ ಮಾತು ಇದು. ಅಲ್ಲಿ ಯಾವುದೂ ಶಾಶ್ವತವಾಗಿ ಕುಳಿತಿರಬಾರದು. ತಪಾಸಣೆಗೆ ಬಂದವರು ಮೊದಲು ತೆಗೆಯುವ ಪುಟವೇ ಅದು. ಇದು ಇನ್ನೂ ಯಾಕೆ ಇಲ್ಲಿದೆ ಎಂದು ಕೇಳುತ್ತಾರೆ. 'ನನಗೆ ಗೊತ್ತಿಲ್ಲ' ಎಂಬ ಮಾತನ್ನು ದಿಂಬು ಮಾಡಿಕೊಂಡು ಮಲಗುವಂತಿಲ್ಲ. ಮೆದುಹವಳಕ್ಕೆ ಹೆಸರು ಬೇಕೇ ಬೇಕು. ಬಿಸಿನೀರಿನಿಂದ 1998, 2010, 2016ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿ ಸತ್ತವು, 2024ರಲ್ಲಿ ಮತ್ತೆ ಬಿಳಿಚಿದವು. ಏನಿತ್ತೆಂದು ಬರೆದಿಡದೆ ಹೋದರೆ ಏನು ಕಳೆಯಿತೆಂದು ಹೇಳುವುದಾದರೂ ಹೇಗೆ? ಆದ್ದರಿಂದ ಅನುಮತಿ ಪಡೆದ, ಕೆಲಸ ಬಲ್ಲವನು ಬೆರಳುಗುರಿನಷ್ಟು ಕತ್ತರಿಸಿ ತರುವುದು ನ್ಯಾಯವೇ. ಆ ಚೂರಿಗೆ ಒಂದು ಕಾರಣ, ಒಂದು ದಾಖಲೆ, ಒಬ್ಬ ಹೊಣೆಗಾರ ಇದ್ದಾನೆ. ಸುಮ್ಮನೆ ಕುತೂಹಲಕ್ಕೆ ಇಳಿದ ನನ್ನಂಥವನಿಗೆ ಆ ಹಕ್ಕಿಲ್ಲ. ನಾನು ಎಂಟು ಎಣಿಸಿ ಮೇಲೆ ಬರಬೇಕು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಹವಳಕ್ಕೆ ತನ್ನ ಹೆಸರು ಹೇಳುವ ಬಾಯಿಲ್ಲ, ಮನುಷ್ಯನಿಗಿದೆ. ಅವನನ್ನು ಸಸ್ಪೆನ್ಸಿನಲ್ಲಿಡುವುದೂ ಒಂದು ಅವಮಾನವಲ್ಲವೇ? ಹೌದು, ಅವಮಾನವೇ. ಆದ್ದರಿಂದಲೇ ಮನುಷ್ಯನ ವಿಷಯದಲ್ಲಿ ಇನ್ನೊಂದು ಕರ್ತವ್ಯ ಸೇರುತ್ತದೆ: ಅವನನ್ನೇ ಕೇಳುವುದು. ಕೇಳುವ ರೀತಿಯೂ ಮುಖ್ಯ. ನೀರು ಕದಡದೆ ಕೇಳಿದರೆ ಪಾಲಿಪ್ ಒಳಗೆ ಹೋಗುವುದಿಲ್ಲ. ಮೂರು ಕಾಗದ ಹಿಡಿದು ನಿಂತ ಹಿರಿಯರಿಗೆ ಕುರ್ಚಿ ತೋರಿಸಿ, 'ಕುಳಿತುಕೊಳ್ಳಿ ಅಣ್ಣಾ, ನಿಮ್ಮ ಮನೆಯ ಹೆಸರು ಯಾವುದು, ಶಾಲೆ ಯಾವುದು' ಎಂದು ಅವರ ಭಾಷೆಯಲ್ಲಿ ಕೇಳಿದರೆ, ಮೂರು ಹೆಸರು ಒಂದಾಗಲು ಬೇಕಾದ ಎಳೆ ಅವರ ಬಾಯಿಂದಲೇ ಸಿಗುತ್ತದೆ. ಆಮೇಲೆ ನೋಟರಿಯ ಪ್ರಮಾಣಪತ್ರವೋ, ಗ್ರಾಮ ಕಚೇರಿಯ ದಾಖಲೆಯೋ. ಅದು ನಿಯಮ, ಅದನ್ನು ಬಿಡುವಂತಿಲ್ಲ. ಆದರೆ ನಿಯಮಕ್ಕೆ ಮೊದಲು ಅವರು ಯಾರೆಂದು ಅವರಿಂದ ತಿಳಿದಿರುತ್ತದೆ.

ಹವಳದ ಪಾಲಿಪ್ ಒಂದೊಂದೂ ಬಿಡಿಯೋ, ಇಡೀ ಗೊಂಚಲೇ ಒಂದು ಜೀವವೋ ಎಂದು ಕೇಳಿದರೆ ನಿಶ್ಚಯವಾಗಿ ಹೇಳುವುದು ಕಷ್ಟ. ಒಂದೇ ಮರಿಯಿಂದ ಕವಲೊಡೆದವು ಅವೆಲ್ಲ; ಒಂದು ಉಂಡದ್ದು ಒಳಗಿನ ಕಾಲುವೆಗಳಿಂದ ಪಕ್ಕದವಕ್ಕೂ ಹರಿಯುತ್ತದೆ. ಆದರೂ ಒಂದೊಂದಕ್ಕೂ ತನ್ನದೇ ಬಾಯಿ, ತನ್ನದೇ ಎಂಟು ಕೈ. ನಮ್ಮ ಕೂಡುಕುಟುಂಬಗಳನ್ನು ನೆನೆದರೆ ಇದು ಅರ್ಥವಾಗದ ವಿಷಯವಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಪಕ್ಕದ ಮನೆಯೊಡನೆ ಬ್ಯಾರಿ ಅಥವಾ ಕೊಂಕಣಿ ಆಡುವ ಒಬ್ಬ ಮಂಜೇಶ್ವರದವನು ಒಂದೋ ಹಲವೋ? ಅರ್ಜಿಯಲ್ಲಿ 'ಮಾತೃಭಾಷೆ' ಎಂಬಲ್ಲಿ ಒಂದೇ ಗೆರೆ ಇರುತ್ತದೆ. ಆ ಗೆರೆಯನ್ನು ತುಂಬಿಸಲೇಬೇಕು, ತುಂಬಿಸುವುದರಿಂದ ಮಕ್ಕಳಿಗೆ ಕನ್ನಡದ ತರಗತಿ ಸಿಗುತ್ತದೆ. ಬರೆಯಿಸಿ, ತಪ್ಪದೆ ಬರೆಯಿಸಿ. ಆದರೆ ಬರೆದದ್ದು ಆ ಕೆಲಸಕ್ಕೆ ಬೇಕಾದಷ್ಟೇ ಹೆಸರು ಎಂಬುದು ಬರೆದವರಿಗೆ ನೆನಪಿರಲಿ, ಓದುವವರಿಗೂ ನೆನಪಿರಲಿ.

ನೇತ್ರಾಣಿಯಲ್ಲಿ ಕಂಡದ್ದನ್ನು ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಹೀಗೆ ಬರೆದಿಟ್ಟಿದ್ದೇನೆ: 'ಬಂಡೆಯ ಸಂದಿ, ಸುಮಾರು ಹತ್ತು ಮೀಟರ್. ಟಾರ್ಚಿನಲ್ಲಿ ಕೆಂಪು, ಇಲ್ಲದಿದ್ದರೆ ಬೂದಿ. ಎಂಟು ಕರಬಳ್ಳಿ, ಗರಿಯಂತೆ ಕವಲು. ಮುಂದಿನದು ನಿರ್ಣಯವಾಗಿಲ್ಲ.' ಕೆಳಗೆ ನನ್ನ ಸಹಿ ಇದೆ. ಬಲ್ಲವರು ಯಾರಾದರೂ ಅಲ್ಲಿಂದ ಮುಂದುವರಿಸಬಹುದು.